ಕೋರಂ

ನಗರಸಭೆಯ ಹಳೇ ಹಾಲು. ಹನ್ನೊಂದಕ್ಕೆಂದ ಸಭೆ
ಸೇರಿದ್ದು ಹನ್ನೆರಡಕ್ಕೆ. ಸುಂಟಿಕೊಪ್ಪದ ಬಳಿ
ಮರ ಬಿದ್ದು ಕೆಳಗಿನವರು ತಡ.
ನಡಾವಳಿ ಪುಸ್ತಕ ನನ್ನ ಮುಂದೆ. ಅಂಚಿನಲ್ಲಿ
ಎರಡು ಬೆರಳು ಜಾಗ ಬಿಟ್ಟು ಬರೆಯುವುದು ರೂಢಿ.

ವಿಷಯ ಒಂದು: ಐದು ಊರು, ಒಂದು ಜಲಾನಯನ, ಒಂದು ಒಪ್ಪಂದ.
ಯಾರು ಎಷ್ಟು ಕುಡಿಯುತ್ತಾರೋ ಅಷ್ಟು ಖರ್ಚು,
ಯಾರು ಎಷ್ಟು ಕೊಡುತ್ತಾರೋ ಅಷ್ಟು ಮತ.
ಕೇಳಲು ನ್ಯಾಯವೇ.
ಲೆಕ್ಕಿಗ ಗುರುನಂಜಯ್ಯ ಕನ್ನಡಕ ಹಣೆಗೇರಿಸಿ
ಕಾಗದ ಮೂಗಿಗೆ ಹಿಡಿದು ಓದಿದರು:
ನಲವತ್ತಾರು. ಮೂವತ್ತೊಂದು. ಹದಿನಾಲ್ಕು. ಆರು.
ಮಡಿಕೇರಿ, ಮೂರು.
ಮೂರು ಎಂಬಲ್ಲಿ ದನಿ ತುಸು ತಗ್ಗಿತು,
ಮದುವೆಮನೆಯಲ್ಲಿ ಮುಯ್ಯಿ ಕೂಗುವವನು
ಬಡ ನೆಂಟನ ಹೆಸರಿಗೆ ತಗ್ಗಿಸುವಂತೆ.

ಚೋಂದಮ್ಮ ನಮ್ಮ ಕಡೆಯ ಸದಸ್ಯೆ. ಸೀರೆಯ ನೆರಿಗೆ ಹಿಂದಕ್ಕೆ,
ಕೈಚೀಲದಲ್ಲಿ ಮಳೆಯ ಡೈರಿ.
ಮಾವನ ಕಾಲದಿಂದ ದಿನಾ ಬೆಳಿಗ್ಗೆ ಎಂಟಕ್ಕೆ
ಗಾಜಿನ ಮಾಪಕ ಕಣ್ಣಿಗೆ ಹಿಡಿದು ಬರೆದ ಇಂಚು, ಸೆಂಟು.
ನಮ್ಮಲ್ಲಿ ನೆಲಕ್ಕೂ ಸೆಂಟು, ಮಳೆಗೂ ಸೆಂಟು;
ಮಾರಲು ಬರುವುದು ಒಂದೇ.

"ಇದನ್ನೂ ಬಂಡವಾಳಕ್ಕೆ ಹಿಡೀತೀರಾ?"
"ಮಳೆ ನಿಮ್ಮ ಸ್ವತ್ತಲ್ಲ, ತಾಯಿ."
"ಅಲ್ಲ." ಡೈರಿ ಮುಚ್ಚಿದರು.
"ಕೊಳೆ ನಮ್ಮದು ತಾನೆ? ಪೇಟೆ ಚರಂಡಿಯೆಲ್ಲ
ಅಬ್ಬಿ ಹಾರಿ ನಿಮ್ಮ ಕಡೆಗೇ ಬರೋದು.
ಹೋಂಸ್ಟೇಗಳದ್ದೂ. ಅದರ ಬಿಲ್ಲು ನಮಗೇ ಹಾಕಿ."
ನಮ್ಮ ಅಧ್ಯಕ್ಷರಿಗೆ ಕೆಮ್ಮು ಬಂತು.
ಬರೆಯಲೋ ಬೇಡವೋ ಎಂದು ಅವರ ಮುಖ ನೋಡಿದೆ.
ಅವರು ಕಿಟಕಿ ನೋಡಿದರು. ಬರೆದೆ.

"ಇನ್ನೊಂದು. ಗುಡ್ಡ ಜಾರಿದರೆ?"
ನಕ್ಷೆ ಬಿಚ್ಚಿದರು. ಹೂಳು ತೆಗೆಯುವ ಖರ್ಚು ಎಲ್ಲರ ಪಾಲು;
ಹೂಳಾಗುವ ಮೊದಲು ಅದು ಗುಡ್ಡವಾಗಿದ್ದ ಜಾಗ
ನೀಲಿಗೆರೆಯ ಹೊರಗೆ.
ಆ ವರ್ಷ ಇದೇ ಹಾಲಿನಲ್ಲಿ ಇಪ್ಪತ್ತು ರಾತ್ರಿ
ಗುಡ್ಡದಡಿಯ ಕೇರಿಯವರು ಚಾಪೆ ಹಾಸಿ ಮಲಗಿದ್ದರು.
ಯಾರದೋ ಮಗು ಇದ್ದಿಲಲ್ಲಿ ಗೀಚಿದ ಆನೆ
ಸುಣ್ಣದಡಿಯಿಂದ ಇನ್ನೂ ಸೊಂಡಿಲು ತೋರಿಸುತ್ತದೆ.
ಇದು ನಡಾವಳಿಗೆ ಬರುವ ವಿಷಯವಲ್ಲ.

ಮತಕ್ಕೆ ಹಾಕೋಣ ಎಂದರು. ತೊಂಬತ್ತೇಳಕ್ಕೆ ಮೂರು:
ಕೈ ಏಳುವ ಮೊದಲೇ ಎಣಿಸಿಯಾಗಿತ್ತು.
ಚೋಂದಮ್ಮ ಎದ್ದರು. ಸಿಟ್ಟಿಲ್ಲ, ಭಾಷಣವಿಲ್ಲ.
ಜವಾನ ಹಂಸನ ಕೈಯಿಂದ ಒಂದು ಲೋಟ ಕಾಫಿ ಇಸಿದುಕೊಂಡು
ಜಗಲಿಯ ಮೆಟ್ಟಿಲಲ್ಲಿ ಹೋಗಿ ಕೂತರು.

ಆಗ ಯಾರೋ ಕಲಂ ಹನ್ನೆರಡು ಓದಿದರು, ಮತ್ತೊಮ್ಮೆ ಓದಿದರು:
ಪ್ರತಿ ಊರಿನಿಂದ ಒಬ್ಬರಾದರೂ ಹಾಜರಿಲ್ಲದೆ ಕೋರಂ ಇಲ್ಲ.
ಇದನ್ನು ಸೇರಿಸಿದ್ದು ಯಾರು?

ನಾನೇ. ಕರಡು ಟೈಪು ಮಾಡುವಾಗ ಹನ್ನೆರಡು ಖಾಲಿ ಬಿದ್ದಿತ್ತು.
ಅಪ್ಪ ಗುಮಾಸ್ತನಾಗಿದ್ದ ಕಿತ್ತಳೆ ಸಂಘದ
ಬೈಲಾದಿಂದ ಒಂದು ಸಾಲು ಎತ್ತಿ ಇಟ್ಟೆ.
ಕಿತ್ತಳೆ ಹೋಯಿತು, ಸಂಘ ಹೋಯಿತು,
ಆ ಕಟ್ಟಡದಲ್ಲೀಗ ಮೊಬೈಲ್ ಅಂಗಡಿ.
ವಾಕ್ಯ ಮಾತ್ರ ಟ್ರಂಕಿನಲ್ಲಿ ಹುಳ ಹಿಡಿಯದೆ ಉಳಿದಿತ್ತು.
ನಾನು ಬಾಯಿ ಬಿಡಲಿಲ್ಲ.

ನಲವತ್ತಾರರ ಎಂಜಿನಿಯರ್ ಜವರಯ್ಯ ಎದ್ದು ಹೋಗಿ
ಅವರ ಪಕ್ಕದ ಮೆಟ್ಟಿಲಲ್ಲೇ ಕೂತರು. ಪ್ಯಾಂಟು ಒದ್ದೆ.
ಬಹಳ ಹೊತ್ತು ಇಬ್ಬರೂ ಸೂರಿನ ನೀರು ನೋಡಿದರು.
"ನಿನ್ನೆ ಎಷ್ಟು ಬಂತಮ್ಮ?"
"ಎರಡು ಇಂಚು ಹತ್ತು ಸೆಂಟು."
"ಮಿಲಿಮೀಟರಲ್ಲಿ?"
ಅವರಿಗೆ ಗೊತ್ತಿಲ್ಲ. ಇವರು ಬೆರಳು ಮಡಚಿದರು,
ಬಿಚ್ಚಿದರು, ಮತ್ತೆ ಮೊದಲಿಂದ.

ಕಿಟಕಿಯೊಳಗೆ ನಾನು. ಐವತ್ತಮೂರು ಚಿಲ್ಲರೆ.
ನಡಾವಳಿ ಬರೆಯುವವನಿಗೆ ಮತವಿಲ್ಲ, ಮಾತೂ ಇಲ್ಲ.
ಕೋರಂ ಇಲ್ಲದ ಕಾರಣ ಮುಂದೂಡಲಾಗಿದೆ ಎಂದು ಬರೆದೆ.
ಅಂಚಿನಲ್ಲಿ, ಅಳಿಸಲು ಬರುವಂತೆ, ಪೆನ್ಸಿಲಿನಲ್ಲಿ:
೫೩.